ಅಂಚು ಬಿಟ್ಟ ಕರ್ಜಿಕಾಯಿ

"ಸಾವಾದ ಮನಿಗೆ ಸಿಹಿ ತರ್ತೀರಲ್ಲ, ನಾಚಿಕಿ ಆಗಂಗಿಲ್ಲೇನ್ರಿ ನಿಮಗ?!"

ಸುವಾರ್ತಾಳ ಮಾತಿಗೆ ಬಾಗಿಲಲ್ಲಿ ನಿಂತಿದ್ದ ಕನಕರಾಜ್ ಬೆಚ್ಚಿದ. ತಟ್ಟೆಯಿಂದ ಎರಡು ಕರ್ಜಿಕಾಯಿ ಹೊಸ್ತಿಲ ಮೇಲೆ ಬಿದ್ದು ಒಡೆದವು. ಅವನು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಹೋಗಿಬಿಟ್ಟ.

ಸುವಾರ್ತಾ ಅಪ್ಪನನ್ನು ಮಣ್ಣು ಮಾಡಿದ ವರ್ಷವಿದು. ಕಂಪ್ಲಿಯ ಆ ಓಣಿಯಲ್ಲಿ ಈ ಕ್ರಿಸ್ಮಸ್ಸಿಗೆ ಇವರ ಮನೆಗೊಂದು ನಕ್ಷತ್ರವೂ ಇಲ್ಲ.

ಆದರೆ ಸಿಟ್ಟು ನಿಜಕ್ಕೂ ಯಾರ ಮೇಲೆ? ಸಂಡೂರಿನಿಂದ ಬಂದು ಎದುರು ಮನೆ ಹಿಡಿದ ಇವನ ಬೈಕಿನ ಸದ್ದಾದರೆ ಸಾಕು, ಅವಳು ಕಿಟಕಿಗೆ ಓಡುತ್ತಿದ್ದಳು...

'ಅಪ್ಪ ತೀರಿಕೊಂಡ ವರ್ಷದಲ್ಲೇ ಇದೆಂಥಾ ಖುಷಿ ನನಗೆ? ಥೂ!'

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗಾಯಿತು ಪಾಪ ಅವನ ಗತಿ!

ಒಳಗಿನಿಂದ ಅವ್ವ ಓಡಿ ಬಂದಳು. "ಏನ್ ಮಾಡಿದ್ಯವ್ವಾ! ಸಾವಾದ ಮನ್ಯಾಗ ಮೊದಲ್ನೇ ಹಬ್ಬಕ್ಕ ಕರಿಯಾಕ ಎಣ್ಣಿ ಇಡಂಗಿಲ್ಲ, ಬ್ಯಾರೆ ಮಂದೀನ ಸಿಹಿ ತಂದು ಕೊಡಬೇಕು... ಮರ್ತ್ಯಾ? ಅವನ ತಾಯಿನೂ ಈ ವರ್ಷಾನ ತೀರಿಕೊಂಡಾರಂತ. ತನ್ನ ಮನ್ಯಾಗ ಕರಿಯಂಗಿಲ್ಲಂತ ಪಾಸ್ಟರಮ್ಮನ ಒಲಿ ಮುಂದ ಕುಂತು, ನಮಗಂತ ಕರದು ತಂದಾನ. ಅವನಿಗೆ ತಂದುಕೊಡೋರು ಯಾರದಾರ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಸುವಾರ್ತಾಗೆ. ಹೊಸ್ತಿಲ ಮೇಲಿನ ಚೂರುಗಳನ್ನು ಒಂದೊಂದಾಗಿ ಆಯ್ದಳು. ಅಂಚು ಸರಿಯಾಗಿ ಒತ್ತಲು ಬಾರದವನು ಮಾಡಿದ ಕರ್ಜಿಕಾಯಿ, ಹೂರಣವೆಲ್ಲ ಹೊರಬಂದಿತ್ತು.

ಮರುದಿನ ಬೆಳಿಗ್ಗೆ ಚರ್ಚಿನಲ್ಲಿ ಅವಳು ತಲೆ ಎತ್ತಲಿಲ್ಲ.

"ಎಲ್ಲಾ ಸಜ್ಜಾದ ಮನಿಗೆ ಯೇಸುಸ್ವಾಮಿ ಬರ್ಲಿಲ್ಲ, ದನದ ಕೊಟ್ಟಿಗಿಗೆ ಬಂದ," ಅಂದರು ಪಾಸ್ಟರ್. "ನಕ್ಷತ್ರ ಕಟ್ಟದ ಮನೀನ ಆತಗ ಮೊದಲು ಕಾಣತೈತಿ."

'ನನ್ನ ಬಾಗಿಲಿಗೂ ಬಂದಿದ್ದೆಯಲ್ಲ ಸ್ವಾಮೀ... ನಾನೇ ಹೊರಗಟ್ಟಿದೆ!'

ಅಪ್ಪ ಹೋದ ಮೇಲೆ ಅವಳು ಮನಸಾರೆ ಅತ್ತದ್ದು ಅವತ್ತೇ. ಎದೆ ಹಗುರಾಯಿತು. ನಾಚಿಕೆ ಮಾತ್ರ ಹಾಗೇ ಉಳಿಯಿತು.

ಆರಾಧನೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಬೈಕ್ ತೆಗೆಯುತ್ತಿದ್ದವನ ಮುಂದೆ ತಟ್ಟೆ ಚಾಚಿದಳು. ಅದರಲ್ಲಿ ಒಂದು ಹಿಡಿ ಸಕ್ಕರೆ.

"ಖಾಲಿ ತಟ್ಟಿ ಕೊಡಬಾರದಲ್ರಿ... ನಮ್ಮನ್ಯಾಗ ಎಣ್ಣಿ ಇಡಂಗಿಲ್ಲ, ಅದಕ್ಕ... ನಿನ್ನೆ ಅಂದದ್ದು ಭಾಳ ತಪ್ಪಾತ್ರಿ. ನಾಚಿಕಿ ಆಗಬೇಕಾದ್ದು ನನಗ."

ಅವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಕಣ್ಣು ತುಂಬಿದವು. "ಅವ್ವ ಹೋದ ಮ್ಯಾಲೆ ನನಗಂತ ಯಾರೂ ಏನೂ ತಂದಿರ್ಲಿಲ್ರಿ."

ಅವಳು ತಟ್ಟೆಯನ್ನು ಅವನ ಕೈಗಿತ್ತಳು.

"ಬರೋ ಕ್ರಿಸ್ಮಸ್ಸಿಗೆ ಎಣ್ಣಿ ಇಡಬಹುದಲ್ರಿ?" ಅವನು ಕೇಳಿದ.

"ಯಾರ ಮನ್ಯಾಗ?"

ಅವನು ತಡವರಿಸಿದ. "ನೀವು ಒಪ್ಪಿದ್ರ... ನಮ್ಮನ್ಯಾಗ."

ಅವಳು ತಲೆ ತಗ್ಗಿಸಿಯೇ ನಕ್ಕಳು. "ಅಂಚು ಮಾತ್ರ ನಾನಾ ಒತ್ತತೀನ್ರಿ. ನೀವು ಕರೀರಿ."