ಚೌಕಟ್ಟಿನ ಹಸಿ ಹಳದಿ

ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ನಮ್ಮಣ್ಣ ದೊಡ್ಡ ಚಿತ್ರಕಾರ. ಜೀವಮಾನವಿಡೀ ಒಂದು ಖಾಲಿ ಕುರ್ಚಿಯ ಚಿತ್ರವನ್ನೇ ಬರೆದು, ನೋಡಿದವರ ಕಣ್ಣಲ್ಲಿ ನೀರು ತರಿಸಿದ ಆಸಾಮಿ. ಕೆಲಸ ನಿಲ್ಲಿಸಿ ತನ್ನ ಚಿತ್ರದ ಕೋಣೆಯಿಂದ ಹೊರಬರುವಾಗ ಬ್ರಷ್ಷನ್ನು ಬಾಗಿಲ ಚೌಕಟ್ಟಿಗೇ ಒರೆಸುತ್ತಿದ್ದ. ಅತ್ತಿಗೆ ಬೈದು ಬೈದು ಸೋತಿದ್ದರು.

ಅವನು ತೀರಿಕೊಂಡ ಮೇಲೆ ಬಣ್ಣ, ಬ್ರಷ್ಷುಗಳನ್ನೆಲ್ಲ ಕಲಾಶಾಲೆಗೆ ಕೊಟ್ಟು, ಅರ್ಧ ಬರೆದ ಕುರ್ಚಿಯನ್ನು ಆ ಕೋಣೆಯೊಳಗಿಟ್ಟು ಬೀಗ ಹಾಕಿದೆವು.

ವರ್ಷ ಕಳೆದು ಒಂದು ಮಟಮಟ ಮಧ್ಯಾಹ್ನ ಬೀಗ ತೆಗೆದರೆ ಎಣ್ಣೆಬಣ್ಣದ ವಾಸನೆ ಮೂಗಿಗೆ ಬಡಿಯಿತು. ಚೌಕಟ್ಟಿಗೆ ಒರಗಿದ ನನ್ನ ಅಂಗಿತೋಳಿಗೆ ಹಸಿ ಹಳದಿ ಮೆತ್ತಿತು. ಚಿತ್ರದ ಕುರ್ಚಿಯ ಮೇಲೆ ಮೊದಲಿರದ ಬಿಸಿಲು ಬಿದ್ದಿತ್ತು. ಅಂಥ ಬಿಸಿಲನ್ನು ಅಣ್ಣನ ಹೊರತು ಯಾರೂ ಬರೆಯಲಾರರು.

ಅತ್ತಿಗೆ ಈ ಸಲ ಬೈಯಲಿಲ್ಲ. "ಕುರ್ಚಿಗೆ ಇನ್ನೊಂದು ಕಾಲು ಬಾಕಿ ಇದೆ. ಬಾಗಿಲು ಹಾಕಪ್ಪ, ನಿಮ್ಮಣ್ಣ ಕೆಲಸ ಮಾಡ್ಕೊಳ್ಳಲಿ" ಅಂದರು.

ನನ್ನ ಅಂಗಿಯ ಹಳದಿ ಇವತ್ತಿಗೂ ಒಣಗಿಲ್ಲ.