ಸ್ಕ್ಯಾನರಿಗೆ ಹಾಕಬಾರದ ಪೆಟ್ಟಿಗೆ

"ಪ್ರಾಣಿಗಳ ಬ್ಲಡ್ ಟೆಸ್ಟ್ ಮಾಡೋ ಲ್ಯಾಬಲ್ಲಿ ಇದಾರಮ್ಮ," ಎಂದು ಮಧುಕುಮಾರ್ ತನ್ನ ತಾಯಿಗೆ ಹೇಳಿದ. ಅದೇ ಕ್ಷಣ ಕೀರ್ತನಾಳಿಗೆ ಅವನು ಬೇಡವಾದ.

ಮಾರೇನಹಳ್ಳಿಯ ಅವಳ ಮನೆಯ ಹಾಲಿನಲ್ಲಿ ಹುಡುಗನ ಕಡೆಯವರು ಸಾಲಾಗಿ ಕೂತಿದ್ದರು. ಅವಳ ಕೆಲಸ ಏನೆಂದು ಯಶೋದಮ್ಮ ಕೇಳಿದ್ದು ಅವಳನ್ನೇ. ಉತ್ತರ ಕೊಟ್ಟದ್ದು ಮಗರಾಯ. ಅದೂ ಸುಳ್ಳು.

ಗೊತ್ತಿಲ್ಲದೆ ಹೇಳಿದ್ದರೆ ಕ್ಷಮಿಸಬಹುದಿತ್ತು. ಆದರೆ ಎಷ್ಟೋ ಸಂಜೆ ಫೋನಿನಲ್ಲಿ ಅವಳ ಬಾಯಿಂದಲೇ ಎಲ್ಲ ಕೇಳಿಸಿಕೊಂಡಿದ್ದ. "ಅಲ್ಲಾರೀ, ಕುದುರೆಗೆ ನಾಚಿಕೆ ಆಗಲ್ವಾ?" ಎಂದು ತಗ್ಗಿದ ದನಿಯಲ್ಲಿ ಕೇಳಿ ಅವಳನ್ನು ನಗಿಸಿದ್ದ. ಆ ದನಿಯನ್ನು ನೆನೆಸಿಕೊಂಡೇ ಅವಳು ಇವತ್ತು ಸೀರೆ ಉಟ್ಟಿದ್ದಳು. ಈಗ ಆ ಸೀರೆಯ ಮೇಲೂ ಕೋಪ ಬಂತು.

"ಬ್ಲಡ್ ಅಲ್ಲ ಆಂಟಿ, ವೀರ್ಯ," ಎಂದಳು. "ಗಂಡುಕುದುರೆ ವೀರ್ಯ ತೆಗೆದು, ತಣ್ಣಗೆ ಮಾಡಿ, ಹೆಣ್ಣುಕುದುರೆ ಇರೋ ಕಡೆ ಕಳಿಸ್ತೀವಿ. ಕೇಸರಿಬಾತ್ ಇನ್ನೊಂದು ಸ್ವಲ್ಪ ಹಾಕ್ಲಾ?"

ಯಶೋದಮ್ಮ ಚಮಚವನ್ನು ತಟ್ಟೆಯಲ್ಲಿ ಮೆಲ್ಲಗೆ ಮಲಗಿಸಿದರು. ಹುಡುಗನ ಸೋದರಮಾವ ರಾಮಯ್ಯನವರಿಗೆ ಕೆಮ್ಮು ಹತ್ತಿತು. ಮಧುಕುಮಾರ್ ಫ್ಯಾನ್ ನೋಡುತ್ತಿದ್ದ. ಸಂಬಂಧ ಅಲ್ಲಿಗೆ ಮುರಿಯಿತು.

ಮುಂದಿನ ವಾರ ಬ್ಯಾಡರಹಳ್ಳಿಯ ಲ್ಯಾಬಿನ ಬಾಗಿಲಲ್ಲಿ ಅವನೇ ನಿಂತಿದ್ದ, ಇಸ್ತ್ರಿ ಮಾಡಿದ ಶರ್ಟು, ಒಣಗಿದ ಮುಖ.

"ಸಾರಿ ಹೇಳೋಣ ಅಂತ ಬಂದೆ."

"ಹೇಳಾಯ್ತಲ್ಲ. ಗೇಟ್ ಆ ಕಡೆ."

ಅವಳು ತಲೆಯೆತ್ತಲಿಲ್ಲ. ಲಾಯದ ಮಾರ್ವಾಡಿ ತಳಿಯ ಮುದಿ ಗಂಡುಕುದುರೆ ಸರದಾರನಿಂದ ಅಂದು ಬೆಳಿಗ್ಗೆ ತೆಗೆದ ವೀರ್ಯ ಅವಳ ಮುಂದಿತ್ತು. ಅದಕ್ಕೆ ಹಾಲಿನಂಥ ಪೋಷಕ ದ್ರಾವಣ ಬೆರೆಸಿ, ಫ್ರಿಜ್ಜಿನಷ್ಟು ತಂಪಿಗೆ ನಿಧಾನವಾಗಿ ಇಳಿಸಿ, ತಂಪು ಕಾಯುವ ಪೆಟ್ಟಿಗೆಯಲ್ಲಿಟ್ಟಿದ್ದಳು. ಆತುರ ಮಾಡಿದರೆ ಸಾಯುತ್ತದೆ, ಬಿಸಿ ತಗುಲಿದರೂ ಸಾಯುತ್ತದೆ. ವಯಸ್ಸಾದ ಸರದಾರನದಂತೂ ನಾಳೆಯವರೆಗೆ ಉಳಿಯುವಂಥದ್ದಲ್ಲ. ಮುಂದಿನ ವರ್ಷ ಸರದಾರನೇ ಉಳಿಯುತ್ತಾನೋ ಇಲ್ಲವೋ. ಅವನ ಕುಲದ ಒಂದು ಮರಿಯೂ ಇನ್ನೂ ಹುಟ್ಟಿರಲಿಲ್ಲ.

ಫೋನ್ ಬಡಿದುಕೊಂಡಿತು. ಕೆಂಗೇರಿಯ ಕುದುರೆ ಫಾರ್ಮಿನಿಂದ ಡಾಕ್ಟರ್ ಲಕ್ಷ್ಮಿ.

"ಕೀರ್ತನಾ, ಹೆಣ್ಣು ರೆಡಿ ಇದೆ. ಇವತ್ತು ತಪ್ಪಿದ್ರೆ ತಪ್ತು ಕಣೇ."

ಲ್ಯಾಬಿನ ಡ್ರೈವರ್ ಬೇರೊಂದು ಪೆಟ್ಟಿಗೆ ಹೊತ್ತು ಮೈಸೂರಿಗೆ ಹೋಗಿದ್ದ. ಒಪ್ಪಿಕೊಂಡ ಕ್ಯಾಬುಗಳೆಲ್ಲ ಒಂದೊಂದಾಗಿ ಕ್ಯಾನ್ಸಲ್ ಆದವು.

"ನನ್ ಕಾರಿದೆ," ಎಂದ ಮಧುಕುಮಾರ್.

ಅವಳು ಮೊದಲ ಬಾರಿಗೆ ಅವನನ್ನು ಮೇಲಿಂದ ಕೆಳಗೆ ನೋಡಿದಳು, ರೋಗ ಹಿಡಿದ ಕುದುರೆಯನ್ನು ನೋಡುವ ಹಾಗೆ. "ಒಳಗೆ ಏನಿದೆ ಅಂತ ಯಾರಾದ್ರೂ ಕೇಳಿದ್ರೆ ಐಸ್‌ಕ್ರೀಮ್ ಅಂತೀರಾ?"

ಅವನ ಕಿವಿ ಕೆಂಪಾಯಿತು. ಹೋಗಿ ಕಾರಿನ ಬಾಗಿಲು ತೆರೆದ.

ದಾರಿಯುದ್ದಕ್ಕೂ ಅವಳು ಅವನನ್ನು ಮನಸ್ಸಿನಲ್ಲೇ ತೆಗಳಿದಳು. ಕನ್ನಡಿಗೆ ನೇತುಹಾಕಿದ್ದ ಸೆಂಟಿನ ವಾಸನೆಗೊಂದು, ಅವನು ಪ್ರತಿ ಬೈಕಿಗೂ ದಾರಿ ಬಿಡುವುದಕ್ಕೊಂದು ಬೈಗುಳ. ಇಂಥವನ ದನಿ ಕೇಳಲು ಫೋನನ್ನು ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದೆನಲ್ಲ ಎಂದು ತನಗೂ ಒಂದು ಸೇರಿಸಿದಳು. ಆದರೆ ಹಳ್ಳ ಬಂದ ಕಡೆಯೆಲ್ಲ, ಸೀಟುಗಳ ನಡುವೆ ಇಟ್ಟಿದ್ದ ಪೆಟ್ಟಿಗೆ ಕುಲುಕದಂತೆ ಅವನ ಎಡಗೈ ಅದರ ಮೇಲೆ ಬಂದು ಕೂರುತ್ತಿತ್ತು. ಅದನ್ನು ಅವಳು ಬೇಕೆಂದೇ ಗಮನಿಸಲಿಲ್ಲ.

ಅತ್ತಿಗುಪ್ಪೆಯ ಹತ್ತಿರ ಎಲ್ಲವೂ ನಿಂತುಹೋಯಿತು. ಮುಂದೆಲ್ಲೋ ಟ್ಯಾಂಕರ್ ಮಗುಚಿದೆಯಂತೆ.

"ಮೆಟ್ರೋ," ಎಂದಳು.

ಅವನು ಕಾರನ್ನು ಯಾವುದೋ ಕಲ್ಯಾಣಮಂಟಪದ ಗೇಟಿಗೆ ಅಡ್ಡ ನಿಲ್ಲಿಸಿದ. ವಾಚ್‌ಮನ್ ಕೂಗುತ್ತಿದ್ದ ಹಾಗೇ ಪೆಟ್ಟಿಗೆ ಎತ್ತಿಕೊಂಡು ಓಡಿದ. ಅವಳು ಹಿಂದೆ ಓಡಿದಳು.

ಸ್ಟೇಷನ್ನಿನಲ್ಲಿ ಹೆಂಗಸರ ಸಾಲು ಚಿಕ್ಕದಿತ್ತು. ತಪಾಸಣೆ ಮುಗಿಸಿ ಅವಳು ಆಚೆ ಬಂದಾಗ, ಗಂಡಸರ ಸಾಲಿನಲ್ಲಿ ಅವನು ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದ. ಸೆಕ್ಯುರಿಟಿಯವನು ಸ್ಕ್ಯಾನರ್ ತೋರಿಸುತ್ತಿದ್ದ.

"ಇದನ್ನ ಅದಕ್ಕೆ ಹಾಕೋ ಹಾಗಿಲ್ಲ ಸಾರ್. ಎಕ್ಸ್‌ರೇ ತಾಗಬಾರ್ದು."

"ಏನ್ರೀ ಇದೆ ಒಳಗೆ?"

ಅಷ್ಟರಲ್ಲಿ ಸಾಲಿನ ಹಿಂದಿನಿಂದ ಒಂದು ತಲೆ ಇಣುಕಿತು. ಸೋದರಮಾವ ರಾಮಯ್ಯ. "ಏನೋ ಮಧು, ಕಾರ್ ಏನಾಯ್ತೋ? ಏನೋ ಅದು ಡಬ್ಬ?"

ಕೀರ್ತನಾ ನಿಂತಲ್ಲೇ ನಿಂತಳು. ಹೋಗಿ ತಾನೇ ಹೇಳಬಹುದಿತ್ತು. ಹೋಗಲಿಲ್ಲ. ಇವನು ಹೇಳುವ ಸುಳ್ಳು ಅವಳಿಗೆ ಆಗಲೇ ಕೇಳಿಸುತ್ತಿತ್ತು. ಔಷಧಿ ಅಂತಾನೆ. ಇಲ್ಲ, ಇವನ ಯೋಗ್ಯತೆಗೆ ಮೊಸರು ಅಂತಾನೆ.

ಅವನು ಒಮ್ಮೆ ಅವಳತ್ತ ನೋಡಿದ. ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಕುದುರೆ ವೀರ್ಯ ಸಾರ್."

"ಏನು?"

"ಗಂಡುಕುದುರೆ ವೀರ್ಯ!" ಈ ಸಲ ಟಿಕೆಟ್ ಕೌಂಟರಿನವರೆಗೂ ಕೇಳಿಸಿತು. "ಕೆಂಗೇರೀಲಿ ಹೆಣ್ಣುಕುದುರೆ ಕಾಯ್ತಾ ಇದೆ. ಅಲ್ಲಿ ನಿಂತಿರೋರು ಲ್ಯಾಬಿನವ್ರು. ನಾನು ಬರೀ ಹೊರೋನು."

ಕಾಲೇಜು ಹುಡುಗರ ಗುಂಪೊಂದು "ಮಗಾ!" ಎಂದು ಕುಣಿದಾಡಿತು. ಸಾಲಿನಲ್ಲಿದ್ದ ಒಬ್ಬರು ಎರಡು ಹೆಜ್ಜೆ ಹಿಂದೆ ಸರಿದರು. ರಾಮಯ್ಯನವರ ಕೆಮ್ಮು ಮತ್ತೆ ಶುರುವಾಯಿತು.

"ನಿಮ್ಮಮ್ಮಂಗೆ ಗೊತ್ತೇನೋ ಇದು?"

"ಈಗ್ಲೇ ಫೋನ್ ಮಾಡಿ ಹೇಳ್ಬಿಡಿ ಮಾವ. ನಂಗೊಂದು ಕೆಲಸ ಕಮ್ಮಿ ಆಗುತ್ತೆ."

ಕೀರ್ತನಾ ಬಂದು ಗುರುತಿನ ಚೀಟಿ ತೋರಿಸಿದಳು. ಪೆಟ್ಟಿಗೆಯ ಮುಚ್ಚಳ ತೆಗೆಸದೆ, ಸುತ್ತ ಮೆಷಿನ್ ಆಡಿಸಿ ಬಿಟ್ಟರು.

ರೈಲಿನಲ್ಲಿ ಅವನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವಳು ಪಕ್ಕದಲ್ಲಿ ಕೂತಳು.

"ಅವತ್ತು ಯಾಕೆ ಹಾಗಂದ್ರಿ?"

"ಭಯ. ಅಮ್ಮ ಮುಖ ಸಿಂಡರಿಸ್ತಾರೆ ಅನ್ನಿಸಿದ್ರೆ ನಂಗೆ ಚಿಕ್ಕಂದಿನಿಂದ ಬಾಯಿಗೆ ಸುಳ್ಳೇ ಬರುತ್ತೆ. ಹೇಡಿ ಅಂತಾನೆ ಅಂದ್ಕೊಳ್ಳಿ."

"ಅಂದ್ಕೊಂಡಿದೀನಿ."

"ಈಗ್ಲೂ?"

ಅವಳು ಕಿಟಕಿಯಾಚೆ ನೋಡಿದಳು. ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ಹಣೆಯ ಬೆವರು ಹುಬ್ಬಿಗೆ ಇಳಿದಿತ್ತು. "ಬೆವರು ಒರೆಸ್ಕೊಳ್ಳಿ. ನೋಡೋಕೆ ಚೆನ್ನಾಗಿಲ್ಲ," ಎಂದು ತನ್ನ ಕರ್ಚೀಫು ಅವನತ್ತ ಎಸೆದಳು.

ಫಾರ್ಮಿನಲ್ಲಿ ಲಕ್ಷ್ಮಿ ಒಂದು ಹನಿಯನ್ನು ಬೆಚ್ಚಗಿನ ಗಾಜಿನ ಮೇಲಿಟ್ಟರು. ಕೀರ್ತನಾ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಉಸಿರು ಬಿಟ್ಟು, ಅವನನ್ನು ಕರೆದಳು.

"ಅಯ್ಯೋ, ಎಲ್ಲಾ ಓಡ್ತಾ ಇದಾವೆ!" ಅವನ ದನಿಯಲ್ಲಿ ಮತ್ತೆ ಆ ಫೋನಿನ ಸಂಜೆಗಳು.

"ಎಲ್ಲಾ ಅಲ್ಲ. ಅರ್ಧ. ಸಾಕು." ಅವಳ ಭುಜ ಅವನ ಭುಜಕ್ಕೆ ತಾಗಿತ್ತು. ತೆಗೆಯಬೇಕೆನಿಸಲಿಲ್ಲ.

ಲಕ್ಷ್ಮಿ ಸಿರಿಂಜು ಹಿಡಿದು ಲಾಯಕ್ಕೆ ಹೋದರು. ಕಂದು ಬಣ್ಣದ ಹೆಣ್ಣು ಶಾಂತವಾಗಿ ನಿಂತಿತ್ತು. ಕೆಲಸ ಮುಗಿಯುವಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಅಮ್ಮ.

"ಹೌದಮ್ಮ, ನಿಜ. ಮಾವ ಒಂದಕ್ಷರ ಸೇರಿಸಿಲ್ಲ… ಹೌದು, ಎಲ್ಲರ ಮುಂದೇನೇ. ಅಮ್ಮ, ಮದುವೆ ಅಂತ ಆದ್ರೆ ಅವರನ್ನೇ… ಇಲ್ಲ, ಅವರು ಒಪ್ಪಿಲ್ಲ. ನನ್ನ ಕಂಡ್ರೆ ಅವರಿಗಾಗಲ್ಲ."

ಕೀರ್ತನಾ ಕೈ ಚಾಚಿ ಫೋನ್ ಕಿತ್ತುಕೊಂಡಳು.

"ನಿಜ ಆಂಟಿ, ಆಗಲ್ಲ. ಆದ್ರೂ ಭಾನುವಾರ ನಿಮ್ಮನೆಗೆ ಬರ್ತೀನಿ. ಈ ಸಲ ಹುಡುಗನ್ನ ನೋಡೋಕೆ."

ಆ ಕಡೆ ಚಮಚವೊಂದು ತಟ್ಟೆಗೆ ತಾಗಿದ ಸದ್ದು.

"ಬಾ," ಎಂದರು ಯಶೋದಮ್ಮ ಕೊನೆಗೆ. "ಕೈ ತೊಳ್ಕೊಂಡು ಬಾ."