ಮುಟ್ಟದೇ ನೋಡಿದ ಡಾಕ್ಟರ್

“ಕಳ್ಳ ಡಾಕ್ಟರಿಗೆ ಚಹಾ ತರಿಸಬ್ಯಾಡ್ರಿ!”

ಸಾನಿಯಾ ಹೇಳಿದ್ದು ಇಡೀ ಆಫೀಸಿಗೆ ಕೇಳಿಸಿತು. ನೋಟಿಸು ಸಿಕ್ಕಿ ಬ್ಯಾಡಗಿಯಿಂದ ಓಡಿಬಂದು, ಮೊದಲ ಸಲ ಅವಳೆದುರು ನಿಂತಿದ್ದ ಡಾಕ್ಟರ್ ದಿಲಾವರನಿಗೂ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದಳು.

ರಾಣೆಬೆನ್ನೂರಿನ ಆ ಕಂಪನಿ ಹಳ್ಳಿಯವರಿಗೆ ಫೋನಿನಲ್ಲೇ ವೈದ್ಯರನ್ನು ಒದಗಿಸುತ್ತಿತ್ತು. ವೈದ್ಯರ ಬಿಲ್ ತಪಾಸಣೆ ಸಾನಿಯಾಳ ಕೆಲಸ. ವಿಡಿಯೋದಲ್ಲಿ ರೋಗಿಯ ಮುಖ ನೋಡಿದರೆ ಮಾತ್ರ ಬಿಲ್. ಬರೀ ಮಾತಾಡಿ ಬಿಲ್ ಹಾಕಿದರೆ ಕಂಪನಿಯಲ್ಲಿ ಆ ವೈದ್ಯರ ನೋಂದಣಿಯೇ ರದ್ದು. ಈ ನಿಯಮ ಬರೆದ ಮಹಾಶಯರು ರೋಗಿಗೆ ಕೇಳಬೇಕಾದ ಪ್ರಶ್ನೆಯನ್ನೂ ಬರೆದುಕೊಟ್ಟಿದ್ದರು: ‘ಡಾಕ್ಟರ್ ನೋಡಿದರೇ?’ ತಂಪು ಕೋಣೆಯಲ್ಲಿ ಕೂತವರಿಗೆ ಅಷ್ಟು ಬುದ್ಧಿ ಬಂದದ್ದೇ ಹೆಚ್ಚು!

ದಿಲಾವರನ ರೋಗಿ, ಐರಣಿ ಹಳ್ಳಿಯ ಗುಡ್ಡವ್ವ ‘ನೋಡಿಲ್ಲ’ ಎಂದಿದ್ದಳು.

ಸಾನಿಯಾ ಒಳಗೇ ಕುದಿದಳು: ಇವನಿಗಾಗಿಯೇ... ಬಿಲ್ ವಿಚಾರಿಸಲು ಮಾಡಿದ ಫೋನಿನಲ್ಲಿ ಕೇಳುತ್ತಿದ್ದ ಈ ಮೆತ್ತನೆಯ ದನಿಗಾಗಿಯೇ ಅಮ್ಮಿ ತಂದ ಒಳ್ಳೆಯ ಸಂಬಂಧವನ್ನು ಬೇಡ ಎಂದೆನಲ್ಲ! ಥೂ!

“ನಾ ನೋಡೇನ್ರಿ. ಬಿಲ್ ಹೋದ್ರ ಹೋಗ್ಲಿ,” ಎಂದ ದಿಲಾವರ. “ನೋಂದಣಿ ತಗೀಬ್ಯಾಡ್ರಿ. ಐರಣಿ ಮಂದಿ ನನ್ನ ನೆಚ್ಚಿ ಕುಂತಾರ.”

“ಅಬ್ಬಾ, ಎಂಥಾ ದಾನಶೂರ! ತಡೀರಿ, ನಿಮ್ಮ ಪೇಷಂಟ್ ಬಾಯಿಂದನ ಕೇಳ್ರಿ.”

ಮಾನ ಕಳೆಯಲೆಂದೇ ಎಲ್ಲರೆದುರು ಸ್ಪೀಕರ್ ಹಾಕಿ ಕರೆ ಮಾಡಿದಳು.

“ಗುಡ್ಡವ್ವಾ, ಡಾಕ್ಟರ್ ನಿನ್ನ ನೋಡಿದ್ರೇನು?”

“ಎಲ್ಲಿ ನೋಡ್ಯಾರಬೇ! ನಾಡಿ ಹಿಡೀಲಿಲ್ಲ, ಎದಿ ಮ್ಯಾಲೆ ಮಷಿನ್ ಇಡಲಿಲ್ಲ. ಫೋನಿನ್ಯಾಗ ಮಾರಿ ಅಷ್ಟ ಕಾಣತಿತ್ತು. ನಾಲಿಗಿ ತಗಿ ಅಂದ್ರು, ತಗದ್ನಿ. ಕಣ್ಣ ತೋರ್ಸು ಅಂದ್ರು, ತೋರ್ಸಿದ್ನಿ. ಮುಟ್ಟದ ಕುಂತ್ರ ನೋಡಿದಂಗ ಆತೇನು?”

ಯಾರೋ ಕಿಸಕ್ಕನೆ ನಕ್ಕರು. ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಸಾನಿಯಾಳ ಮುಖ ಕೆಂಪಾಯಿತು. ನಿಯಮದವರ ಪ್ರಶ್ನೆ ದಡ್ಡತನದ್ದಾದರೆ, ಅದನ್ನು ಗಿಣಿಯಂತೆ ಒಪ್ಪಿಸಿದ ಇವಳೇನು ಜಾಣೆಯೇ?

ಅಲ್ಲೇ ನಿಂತು, ಹಾವೇರಿಯಲ್ಲಿದ್ದ ಕಂಪನಿಯ ದೊಡ್ಡ ಸಾಹೇಬರಿಗೆ ಫೋನ್ ಮಾಡಿದಳು.

“ಸರ್, ದಿಲಾವರ ಡಾಕ್ಟರ್ ನೋಂದಣಿ ರದ್ದು ಮಾಡಬ್ಯಾಡ್ರಿ. ತಪ್ಪು ನಂದ್ರಿ.”

ಸಾಹೇಬರು ಬೈದದ್ದೂ ಎಲ್ಲರಿಗೂ ಕೇಳಿಸಿತು. ಸ್ಪೀಕರ್ ಆರಿಸುವುದನ್ನು ಅವಳು ಮರೆತಿದ್ದಳು.

“ಕಳ್ಳ ಅಂದೆ... ಮಾಫ್ ಮಾಡ್ರಿ,” ಎಂದಳು ತಲೆ ತಗ್ಗಿಸಿ.

“ನಾ ಖರೇನ ಕಳ್ಳ ಅದೀನ್ರಿ. ನೀವು ಫೋನ್ ಮಾಡ್ಲಿ ಅಂತ ಎಷ್ಟೋ ಸರ್ತಿ ಬಿಲ್ಲಿನ್ಯಾಗ ತಾರೀಖು ಹಾಕದ ಬಿಟ್ಟೇನಿ.”

ಅವಳು ತಟ್ಟನೆ ತಲೆಯೆತ್ತಿದಳು.

“ಒಂದ ನಿಯಮ ಹೇಳ್ರಿ,” ಎಂದ ಅವನು. “ಮನಿಯವರ ಬಿಲ್ ನೀವು ತಪಾಸಣಿ ಮಾಡಬಹುದೇನು?”

“ಇಲ್ರಿ... ಬ್ಯಾರೇದವರಿಗೆ ಕೊಡಬೇಕ್ರಿ. ಯಾಕ?”

“ಹಂಗಾರ ನನ್ನ ಬಿಲ್ ಇವತ್ತ ಬ್ಯಾರೇದವರಿಗೆ ಕೊಡ್ರಿ.”

ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದದ್ದೇ ಕಣ್ಣು ತುಂಬಿತು.

“ಅಮ್ಮೀನ ಕೇಳಬೇಕ್ರಿ...”

“ನಾ ನಿಮ್ಮನ್ನ ಕೇಳಾಕತ್ತೇನಿ.”

“ನಂದು ಎಂದೋ ಹೂಂ ಆಗೇತ್ರಿ!”